ಅರ್ಧ ಕಂಬ

ನಮ್ಮ ಮನೆಯ ಸಾಗವಾನಿ ಅಲಮಾರಿಯ ಎಡಗಡೆ ಕಂಬ ಕಳೆದದ್ದು ನನ್ನಿಂದಲೇ. ಕಂಬ ಅಂದರೆ ಭಾರ ಹೊರುವಂಥದ್ದಲ್ಲ. ಬಾಗಿಲಿನ ಎರಡೂ ಬದಿಗೆ ಚಂದಕ್ಕೆ ಅಂಟಿಸಿದ, ಉದ್ದಕ್ಕೆ ಸೀಳಿದಂಥ ಅರ್ಧ ಕಂಬ. ಒಂದೂವರೆ ಅಡಿ ಉದ್ದ, ಮೈತುಂಬ ಉಂಗುರ, ನಡುವೆ ಬುಗುರಿಯಂಥ ಉಬ್ಬು. ಕಲಬುರಗಿಯ ಬೇಸಿಗೆ ಗೊತ್ತಲ್ಲ, ಕಟ್ಟಿಗೆ ಒಣಗಿ ಒಣಗಿ ಬೆಸುಗೆ ಬಿಡುತ್ತದೆ. ಅಂಥ ಒಂದು ಬೇಸಿಗೆಯಲ್ಲಿ ಅದು ಸಡಿಲಾಗಿ ನನ್ನ ಕೈಗೆ ಬಂತು. ಚಿಣ್ಣಿದಾಂಡು ಆಡೋಕೆ ಒಯ್ದೆ. ವಾಪಸ್ ತಂದ ನೆನಪಿಲ್ಲ. ಬೈಸಿಕೊಂಡದ್ದು ಮಾತ್ರ ಚೆನ್ನಾಗಿ ನೆನಪಿದೆ.

ಆಮೇಲೆ 40 ವರ್ಷ ಆ ಜಾಗ ಬೋಳಾಗೇ ಇತ್ತು. ಒಮ್ಮೆ ಅಂಗಡಿಯ ರೆಡಿಮೇಡ್ ಬೀಡಿಂಗ್ ಪಟ್ಟಿ ತಂದು ಹಿಡಿದು ನೋಡಿದೆ. ಅಜ್ಜನ ಪಂಚೆ ಮೇಲೆ ಜೀನ್ಸ್ ಅಂಗಿ ಹಾಕಿದ ಹಾಗೆ ಕಂಡಿತು.

ಈ ಏಪ್ರಿಲ್‌ನಲ್ಲಿ ಬಾಗಿಲು ರಿಪೇರಿಗೆ ಬಂದ ಬಡಿಗೇರರಿಗೆ ಆ ಬೋಳು ಜಾಗ ತೋರಿಸಿದೆ. ಅವರು ಉಳಿದ ಕಂಬದ ಮೇಲೆ ಬೆರಳಾಡಿಸಿದರು. "ಇದನ್ನ ತೆಗದು ಒಯ್ಯಬೇಕ್ರಿ. ಮಾದರಿ ಇಲ್ಲದ ಲೇಥ್‌ನ್ಯಾಗ ಉಂಗುರ ಹೆಂಗ ಕೂಡ್ಸೋದು?" ಲೇಥ್ ಅಂದರೆ ಕಟ್ಟಿಗೆಯನ್ನು ಗರಗರ ತಿರುಗಿಸಿ ದುಂಡಗೆ ಕಡೆಯುವ ಮಶೀನು.

ನನಗೆ ಜೀವ ಹಾರಿತು. ಇರೋದೇ ಒಂದು, ಅದೂ ಮುರಿದರೆ? ಅವರು ಸುತ್ತಿಗೆ ಮುಟ್ಟಲೇ ಇಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಂಚಿಗೆ ಒತ್ತಿ ಇಟ್ಟರು. ಹಳೆಯ ಕಾಲದ ಅಂಟು ದನದ ಚರ್ಮ, ಮೂಳೆ ಬೇಯಿಸಿ ಮಾಡಿದ್ದು. ಬಿಸಿಗೆ, ತೇವಕ್ಕೆ ಮೆತ್ತಗಾಗುತ್ತದೆ. ಫೆವಿಕಾಲ್ ಆಗಿದ್ದರೆ ಇಷ್ಟು ಸಲೀಸಾಗಿ ಬಿಡುತ್ತಿರಲಿಲ್ಲವಂತೆ. ಬಟ್ಟೆ ಬದಲಿಸಿ ಬದಲಿಸಿ ಇಟ್ಟು, ತೆಳ್ಳನೆ ಅಲಗು ತೂರಿಸಿದರು. ಕಂಬ ಕೈಗೆ ಬಂತು.

ಅದರ ಚಪ್ಪಟೆ ಬೆನ್ನ ಮೇಲೆ ಹೆಬ್ಬೆರಳಗಲದ ಕಾಗದ ಅಂಟಿತ್ತು. ಕಂದು ಬಣ್ಣ, ಮಸುಕು ಅಕ್ಷರ, ಅದೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಮಗಳು ಫೋನಲ್ಲಿ ಫೋಟೋ ತೆಗೆದು ತಿರುಗಿಸಿದಳು. ಉರ್ದು.

ಮನೆಯಲ್ಲಿ ಉರ್ದು ಓದುವವರು ಈಗ ಕಾಕಾ ಒಬ್ಬರೇ. ಅವರು ನಾಲ್ಕನೇ ಇಯತ್ತೆವರೆಗೆ ಕಲಿತದ್ದು ಉರ್ದುವಿನಲ್ಲಿ. 1948ರಲ್ಲಿ ನಿಜಾಮರ ಆಡಳಿತ ಮುಗಿದ ಮೇಲಷ್ಟೇ ಅವರಿಗೆ ಕನ್ನಡ ಶಾಲೆ. ಅವರು ಫೋನನ್ನು ಮೂಗಿಗೆ ತಾಗಿಸಿಕೊಂಡು ನೋಡಿದರು. "ಹೈದರಾಬಾದ್... ಇಲ್ಲಿ ಆಣೆ ಅಂತದ. ಮುಂದ ಹರದದ" ಅಂದರು. ಅಷ್ಟೇ ಸಿಕ್ಕಿದ್ದು.

ಕಂಬದ ಬೆನ್ನಿಗೆ ಪೇಪರ್ ಯಾಕೆ? ಬಡಿಗೇರರು ನಕ್ಕರು. "ನಾಳಿ ಬರ್ರಿ, ತೋರಸ್ತೀನಿ."

ಅವರ ಅಂಗಡಿಯಲ್ಲಿ ಹಳೇ ಮನೆ ಕೆಡವಿದಾಗ ಬಂದ ಬಾಗಿಲ ಚೌಕಟ್ಟಿನ ತುಂಡು ರೆಡಿ ಇತ್ತು. ಹೊಸ ಸಾಗವಾನಿಯ ಬಣ್ಣ ಹಳೆಯದರ ಪಕ್ಕ ಪೇಲವವಾಗಿ ಕಾಣುತ್ತದೆ ಅಂತ ಇದನ್ನೇ ಆರಿಸಿದ್ದರು. ಮೊದಲು ಅದರ ಮೇಲೆಲ್ಲ ಅಯಸ್ಕಾಂತ ಆಡಿಸಿದರು. ಒಳಗೆ ಮುರಿದ ಮೊಳೆ ಇದ್ದರೆ ಉಳಿ ಹಾಳು, ಕೈಗೂ ಅಪಾಯ. ಎರಡು ಪಟ್ಟಿ ಕೊಯ್ದು, ಒಳಮೈ ಸಪಾಟು ಮಾಡಿ, ಸ್ಪಿರಿಟ್ಟಿನಿಂದ ಒರೆಸಿದರು. ಸಾಗವಾನಿಯಲ್ಲಿ ಎಣ್ಣೆ ಜಾಸ್ತಿ, ಒರೆಸದಿದ್ದರೆ ಅಂಟು ಕಚ್ಚಲ್ಲ. ಆಮೇಲೆ ಅವತ್ತಿನ ಕನ್ನಡ ಪೇಪರಿನಿಂದ ಒಂದು ಪಟ್ಟಿ ಹರಿದು, ಅಂಟು ಹಚ್ಚಿ, ಎರಡು ಕಟ್ಟಿಗೆಯ ನಡುವೆ ಇಟ್ಟು ಶಿಕಂಜೆಯಲ್ಲಿ ಬಿಗಿದರು. ರಾತ್ರಿಯೆಲ್ಲ ಹಾಗೇ.

ಮರುದಿನ ಎರಡೂ ತುದಿಗೆ ತಂತಿ ಸುತ್ತಿ ಬಿಗಿದು ಲೇಥ್‌ಗೆ ಏರಿಸಿದರು. ಮಶೀನಿನ ಮೊನೆ ಸರಿಯಾಗಿ ಬೆಸುಗೆ ಮೇಲೆ ಕೂತರೆ ತಿರುಗುವಾಗಲೇ ಸೀಳಿಬಿಡುತ್ತದಂತೆ, ಅದಕ್ಕೇ ತಂತಿ. ಹಳೆಯ ಕಂಬದ ಅಂಚನ್ನು ರಟ್ಟಿನ ಮೇಲೆ ಗೀಚಿ ಕತ್ತರಿಸಿಕೊಂಡಿದ್ದರು. ಒಂದೊಂದು ಉಂಗುರಕ್ಕೂ ಮಶೀನು ನಿಲ್ಲಿಸಿ ರಟ್ಟು ಹಿಡಿದು ನೋಡುವುದು, ಮತ್ತೆ ಶುರು. ಬುಗುರಿ ಉಬ್ಬು ಸ್ವಲ್ಪ ದಪ್ಪ ಆಯ್ತು ಅಂತ ನನಗೆ ಅನಿಸಿತು. ಹೇಳಲಿಲ್ಲ. ಅವರೇ ನೋಡಿ ಇಳಿಸಿದರು.

ಈಗ ಕೈಯಲ್ಲಿ ಒಂದು ಪೂರ್ತಿ ದುಂಡು ಕಂಬ. ತುದಿ ಕೊಯ್ದು, ನೆಟ್ಟಗೆ ನಿಲ್ಲಿಸಿ, ಬೆಸುಗೆಯ ಗೆರೆ ಮೇಲೆ ಅಗಲ ಉಳಿ ಇಟ್ಟು ಎರಡೇ ಏಟು. ಟಪ್ ಅಂತ ಕಂಬ ಎರಡಾಯಿತು. ಕಟ್ಟಿಗೆ ಎಲ್ಲೂ ಕಿತ್ತಿಲ್ಲ, ಸೀಳಿದ್ದು ಪೇಪರ್ ಮಾತ್ರ. ಅದರ ಅರ್ಧ ಪದರ ಈ ಕಡೆ, ಅರ್ಧ ಆ ಕಡೆ. ದುಂಡು ಕಂಬ ಮಾಡಿ ಗರಗಸದಲ್ಲಿ ಕೊಯ್ದರೆ ಅಲಗಿನಷ್ಟು ಕಟ್ಟಿಗೆ ಹೋಗುತ್ತದೆ, ಸರಿಯಾದ ಅರ್ಧ ಬರಲ್ಲ. ನಮ್ಮ ಅಲಮಾರಿ ಮಾಡಿದಾತನೂ ಇದನ್ನೇ ಮಾಡಿದ್ದ, ಅವನ ಕೈಗೆ ಸಿಕ್ಕ ಪೇಪರಿನಲ್ಲಿ.

"ಎರಡೂ ಹೊಸವೇ ಹಚ್ಚೋಣ್ರಿ, ಜೋಡಿ ಕೂಡ್ತದ" ಅಂದರು ಬಡಿಗೇರರು. ನಾನು ಒಪ್ಪಲಿಲ್ಲ. ಹಳೆಯದು ಅದರ ಜಾಗಕ್ಕೇ ಹೋಗಬೇಕು. ಆ ಉರ್ದು ಕಾಗದವನ್ನೂ ಬಿಡಿ ಅಂದೆ. ಅದಕ್ಕೆ ಅವರು ಒಪ್ಪಲಿಲ್ಲ. ಕಾಗದದ ಮೇಲೆ ಅಂಟು ಹಚ್ಚಿದರೆ ಇವತ್ತಲ್ಲ ನಾಳೆ ಬೀಳುತ್ತದೆ ಅಂದರು. ಅವರದೇ ಸರಿ. ಕೊನೆಗೆ ತೇವ ಮಾಡಿ, ಹರಿಯದ ಹಾಗೆ ಎಬ್ಬಿಸಿ ನನ್ನ ಅಂಗೈ ಮೇಲಿಟ್ಟರು.

ಪಾಲಿಶ್ ಹಚ್ಚಿ ಬಣ್ಣ ಕೂಡಿಸೋಕೆ ಮತ್ತೆರಡು ದಿನ ಹಿಡಿಯಿತು. ಹತ್ತು ಹೆಜ್ಜೆ ದೂರದಿಂದ ಯಾವುದು ಹೊಸದು ಅಂತ ನನಗೇ ಗೊತ್ತಾಗಲಿಲ್ಲ. ಕಾಕಾ ಹತ್ತಿರ ಬಂದು ಎರಡೂ ಕಂಬಗಳ ಮೇಲೆ ಕೈಯಾಡಿಸಿದರು.

"ಎಡಗಡೆದು ಹೊಸಾದು. ಅಂಚು ಚುಚ್ಚತದ."

"ಇನ್ನೊಂದೀಟು ತಿಕ್ಕಲೇನ್ರಿ?" ಬಡಿಗೇರರು ಉಪ್ಪುಕಾಗದ ತೆಗೆದರು.

"ಬ್ಯಾಡೋ ತಮ್ಮಾ, ಇರ್ಲಿ ಬಿಡು" ಅಂದರು ಕಾಕಾ.

ಮಿಕ್ಕ ಅರ್ಧ ಕಂಬ ಈಗ ಅಲಮಾರಿಯ ಕೆಳಗಿನ ಖಾನೆಯಲ್ಲಿದೆ. ಅದರ ಬೆನ್ನ ಮೇಲಿನ ಪೇಪರನ್ನು ನಾನು ಕೆರೆಯಲು ಬಿಟ್ಟಿಲ್ಲ. ಕಲಬುರಗಿ ಮಾರುಕಟ್ಟೆಯ ತೊಗರಿ ಧಾರಣೆ ಇದೆ, ಉಲ್ಟಾ ಅಕ್ಷರದಲ್ಲಿ. ಖಾನೆಗೆ ಬೀಗ ಹಾಕಿದ್ದೇನೆ. ಮನೆಯಲ್ಲಿ ಮೊಮ್ಮಗ ಇದ್ದಾನೆ.