ಕೆರೆ ತುಂಬೀತು

ಸಂಭಾವನಾರ್ಥಕ, ಅಂದರೆ ‘ಬಂದೀತು’, ‘ತುಂಬೀತು’ ಅಂತ ಹೀಗಾಗುವ ಸಾಧ್ಯತೆ ಹೇಳುವ ಕ್ರಿಯಾಪದದ ರೂಪ. ಆ ಹೆಸರನ್ನು ಯಾರಾದರೂ ಅಂದರೆ ನನ್ನ ಕಣ್ಣ ಮುಂದೆ ಮೆಜೆಸ್ಟಿಕ್ ಬಸ್ ನಿಲ್ದಾಣ ಬರುತ್ತದೆ. ಪ್ಲಾಟ್‌ಫಾರಂಗಳ ತುಂಬ ನೀರು, ನೀರಿನ ಮೇಲೆ ಹರಿಗೋಲು. ಯಾಕೆ ಅಂತ ಹೇಳಬೇಕಾದರೆ 2024ರ ಆ ಐದು ತಿಂಗಳ ಬಗ್ಗೆ ಬರೆಯಬೇಕು.

ಆಗ ನಾನು ನಮ್ಮ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಇತಿಹಾಸ ಮತ್ತು ಐಚ್ಛಿಕ ಕನ್ನಡ. ನಗರದ ಒಂದು ಮ್ಯೂಸಿಯಂ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುತ್ತಿದೆ ಅಂತ ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ ಕಂಡಿತು. ಇನ್ನು ಐವತ್ತು, ನೂರು ವರ್ಷಕ್ಕೆ ಬೆಂಗಳೂರಿನ ನೀರಿನ ಕತೆ ಏನು ಅಂತ ಕಲಾವಿದರು ಕಲ್ಪಿಸಿಕೊಂಡು ಮಾಡಿದ ಕೃತಿಗಳ ಪ್ರದರ್ಶನ. ಅದರ ತಯಾರಿಗೆ ಕೈಜೋಡಿಸಲು ವಿದ್ಯಾರ್ಥಿಗಳು ಬೇಕಾಗಿದ್ದರು.

ಆ ವರ್ಷದ ಬೇಸಿಗೆ ಬೆಂಗಳೂರಿನವರಿಗೆಲ್ಲ ನೆನಪಿದೆ. ಬೋರ್‌ವೆಲ್‌ಗಳು ಬತ್ತಿದ್ದವು. ಟ್ಯಾಂಕರ್ ಬಂತೆಂದರೆ ಇಡೀ ಬೀದಿಯೇ ಓಡುತ್ತಿತ್ತು. ನಮ್ಮ ಮನೆಯ ನಲ್ಲಿಯಲ್ಲಿ ದಿನ ಬಿಟ್ಟು ದಿನ, ರಾತ್ರಿ ಎರಡೂವರೆಗೆ ನೀರು. ಅಮ್ಮ ಎದ್ದು ಬಿಂದಿಗೆ, ಬಕೆಟ್, ಡ್ರಮ್ ಎಲ್ಲ ತುಂಬಿಸಿ ಮಲಗುವಷ್ಟರಲ್ಲಿ ನಾಲ್ಕು ಗಂಟೆ. ಐದೂವರೆಗೆ ಮತ್ತೆ ಏಳಬೇಕು. ಅರ್ಜಿಯಲ್ಲಿ ನಾನು ಇದನ್ನೇ ಬರೆದೆ. ಕಲೆಯ ಬಗ್ಗೆ ಬರೆಯುವಷ್ಟು ನನಗೆ ಗೊತ್ತಿರಲಿಲ್ಲ, ನೀರಿನ ಬಗ್ಗೆ ಗೊತ್ತಿತ್ತು.

ಎಂಟು ಜನ ಆಯ್ಕೆಯಾದೆವು. ಡಿಸೈನ್ ಓದುವವರು, ಎಂಜಿನಿಯರಿಂಗ್ ಓದುವವರು, ಚಿತ್ರಕಲೆಯವರು. ಕನ್ನಡ ಓದುವವಳು ನಾನೊಬ್ಬಳೇ.

ಮೊದಲ ತಿಂಗಳು ವಸ್ತುಗಳನ್ನು ಮುಟ್ಟುವುದನ್ನು ಕಲಿತೆವು. ಚೌಕಟ್ಟನ್ನು ಮೇಲಿನ ಪಟ್ಟಿಯಲ್ಲಿ ಹಿಡಿದು ಎತ್ತಬಾರದು, ಎರಡು ಕೈಯಲ್ಲಿ ಬದಿಯಿಂದ, ತಳದಿಂದ ಹಿಡಿಯಬೇಕು. ಫೋಟೊ, ಲೋಹದ ಸಾಮಾನು ಮುಟ್ಟುವಾಗ ಗ್ಲೌಸ್ ಬೇಕು. ಕಾಗದಕ್ಕೆ ಮಾತ್ರ ಚೆನ್ನಾಗಿ ತೊಳೆದು ಒರೆಸಿದ ಬರಿಗೈಯೇ ವಾಸಿ. ಗ್ಲೌಸ್ ಹಾಕಿದರೆ ಬೆರಳಿಗೆ ಅಂಚು ತಿಳಿಯುವುದಿಲ್ಲ, ಕಾಗದ ಹರಿಯುವ ಭಯ ಜಾಸ್ತಿ. ಒಂದೊಂದು ಕೃತಿ ಬಂದಾಗಲೂ ಅದರ ಸ್ಥಿತಿ ಹೇಗಿದೆ ಅಂತ ವರದಿ ಬರೆಯಬೇಕು. ಎಡ ಮೂಲೆಯಲ್ಲಿ ಸಣ್ಣ ಮಡಿಕೆ, ಕೆಳಗೆ ಕಂದು ಕಲೆ, ಹೀಗೆ. ಹಿಂದಿರುಗಿಸುವಾಗ ಅದೇ ವರದಿ ಹಿಡಿದು ಮತ್ತೆ ನೋಡುತ್ತಾರೆ.

ನನಗೆ ತುಂಬ ಇಷ್ಟವಾದದ್ದು ಬೆಳಕಿನ ಪಾಠ. ಕಾಗದದ ಮೇಲಿನ ಚಿತ್ರಗಳಿಗೆ ಸುಮಾರು 50 ಲಕ್ಸ್ ಬೆಳಕು ಸಾಕು. ಅದಕ್ಕಿಂತ ಹೆಚ್ಚಾದಷ್ಟೂ ಬಣ್ಣ ಬೇಗ ಮಾಸುತ್ತದೆ. ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಕತ್ತಲಲ್ಲಿ ಎತ್ತಿಟ್ಟರೂ ಅದುವರೆಗೆ ಬಿದ್ದ ಬೆಳಕಿನ ಲೆಕ್ಕ ಅಳಿಸಿಹೋಗುವುದಿಲ್ಲ, ಮುಂದಿನದ್ದು ಅದಕ್ಕೇ ಸೇರುತ್ತಾ ಹೋಗುತ್ತದೆ. ಲಕ್ಸ್ ಮೀಟರ್ ಹಿಡಿದು ಗೋಡೆಯಿಂದ ಗೋಡೆಗೆ ನಡೆಯುವಾಗ ನನಗೆ ಬೋರ್‌ವೆಲ್ ನೆನಪಾಗುತ್ತಿತ್ತು. ಇಲ್ಲೂ ದಿನದಿನದ ಖರ್ಚು ಕಣ್ಣಿಗೆ ಕಾಣುವುದಿಲ್ಲ, ಅಲ್ವಾ.

ಇನ್ನು ಕೃತಿಗಳು. ಮುಖ್ಯವಾದದ್ದು ಮೆಜೆಸ್ಟಿಕ್‌ನ ಬೋರ್ಡು. ಕೆಂಪೇಗೌಡ ಬಸ್ ನಿಲ್ದಾಣ ಇರುವ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಅಣ್ಣಮ್ಮನ ಗುಡಿ ಆ ಕೆರೆಯ ದಂಡೆಯ ಗುಡಿ. ಪಕ್ಕದ ರಸ್ತೆಗೆ ಇವತ್ತಿಗೂ ಟ್ಯಾಂಕ್ ಬಂಡ್ ರಸ್ತೆ ಅಂತಲೇ ಹೆಸರು. ಕಲಾವಿದೆಯೊಬ್ಬರು ಆ ಕೆರೆ ವಾಪಸ್ ಬಂದಿದೆ ಅಂತ ಕಲ್ಪಿಸಿಕೊಂಡು, ಬಸ್ಸಿನ ವೇಳಾಪಟ್ಟಿಯ ಹಾಗೇ ಹರಿಗೋಲುಗಳ ವೇಳಾಪಟ್ಟಿ ಮಾಡಿದ್ದರು. ಅಣ್ಣಮ್ಮನ ದಂಡೆಗೆ ಆರು ಹತ್ತಕ್ಕೆ ಒಂದು, ಆರು ಇಪ್ಪತ್ತಕ್ಕೆ ಒಂದು.

ಇನ್ನೊಂದು ಬರೀ ಶಬ್ದ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಮೇಲೆ. ಉಳಿದಿರುವ ಪುಟ್ಟ ಕಲ್ಯಾಣಿಗೆ ಕರಗದ ಸಮಯದಲ್ಲಿ ಈಗಲೂ ಪೂಜೆ ಸಲ್ಲುತ್ತದೆ. ಆ ಶಬ್ದದಲ್ಲಿ ಕ್ರೀಡಾಂಗಣದ ಗದ್ದಲ ಮೆಲ್ಲಗೆ ಇಳಿಯುತ್ತಾ ಕಪ್ಪೆಗಳ ಕೂಗು ಏರುತ್ತಿತ್ತು. ಮೂರನೆಯದು ನೀರಿನ ಕಾರ್ಡು, ರೇಷನ್ ಕಾರ್ಡಿನ ಹಾಗೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಅನ್ನುವುದು ಸರ್ಕಾರದ ಲೆಕ್ಕ. ಆ ಕಾರ್ಡಿನ ಒಂದೊಂದು ಪುಟ ತಿರುಗಿಸಿದಂತೆ ಲೀಟರ್ ಕಡಿಮೆಯಾಗುತ್ತಾ ಹೋಗುತ್ತಿತ್ತು. ಅದನ್ನು ನೋಡುವಾಗೆಲ್ಲ ನನ್ನ ಗಂಟಲು ಒಣಗುತ್ತಿತ್ತು.

ನನ್ನ ಪಾಲಿಗೆ ಬಂದದ್ದು ಕನ್ನಡ ಲೇಬಲ್. ಇಂಗ್ಲಿಷಿನಲ್ಲಿ ಬರೆದು ಆಮೇಲೆ ಅನುವಾದ ಮಾಡುವುದು ಬೇಡ, ಕನ್ನಡದಲ್ಲೇ ಬೇರೆಯಾಗಿ ಬರಿ ಅಂತ ಪ್ರದರ್ಶನ ರೂಪಿಸುತ್ತಿದ್ದ ಕ್ಯುರೇಟರ್ ಮೇಡಂ ಹೇಳಿದ್ದರು. ಆ ಮಾತಿಗೆ ನಾನು ಇವತ್ತೂ ಅವರಿಗೆ ಋಣಿ. ಒಂದು ಲೇಬಲ್ ಅಂದರೆ ಎಂಟು ಹತ್ತು ಸಾಲು ಅಷ್ಟೇ. ಆದರೆ ಮೂರು ದಿನ ಒದ್ದಾಡಿದೆ. ‘ಮುಂದೆ ಈ ಕೆರೆ ತುಂಬಬಹುದು. ಜನ ಹರಿಗೋಲಿನಲ್ಲಿ ಓಡಾಡಬಹುದು. ಕಪ್ಪೆಗಳು ಕೂಗಬಹುದು.’ ಓದಿದರೆ ಒಳಗೆ ಏನೂ ಅಲ್ಲಾಡುತ್ತಿರಲಿಲ್ಲ. ‘ತುಂಬುತ್ತದೆ’ ಅಂತ ತಿದ್ದಿದೆ. ಅದು ಭರವಸೆ ಕೊಟ್ಟ ಹಾಗಾಯಿತು. ಹಾಗೆ ಭರವಸೆ ಕೊಡಲು ನಾನು ಯಾರು?

ಒಂದು ಸಂಜೆ ಆ ಹಾಳೆಗಳನ್ನು ಹಿಡಿದು ಕಾಲೇಜಿಗೆ ಬಂದೆ. ನಮ್ಮ ಕನ್ನಡ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಒಬ್ಬರೇ ಇದ್ದರು. ಎಲ್ಲವನ್ನೂ ಓದಿದರು. ಪೆನ್ಸಿಲ್ ತಗೊಂಡು ‘ಬಹುದು’ ಇದ್ದಲ್ಲೆಲ್ಲ ಗೆರೆ ಎಳೆದರು. ಹದಿನೇಳು ಇತ್ತು.

‘ನೋಡಮ್ಮ, ಒಳಗೆ ಬರಬಹುದು, ಫೋಟೊ ತೆಗೆಯಬಹುದು. ಇದು ಅಪ್ಪಣೆ ಕೊಡುವವರ ಮಾತೂ ಹೌದು. ನೀನು ಇಲ್ಲಿ ಯಾರಿಗೂ ಅಪ್ಪಣೆ ಕೊಡ್ತಾ ಇಲ್ಲ. ಹೈಸ್ಕೂಲಿನಲ್ಲಿ ಸಂಭಾವನಾರ್ಥಕ ಓದಿದ್ದೆಯಲ್ಲ, ಎಲ್ಲಿ ಹೋಯಿತು?’

ಓದಿದ್ದೆ. ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ. ಒಂದು ಅಂಕದ ಪ್ರಶ್ನೆ. ಬಂದಾನು, ಬಂದಾಳು, ಬಂದೀತು. ಬಾಯಿಪಾಠ ಮಾಡಿ ಬರೆದು ಬಂದಿದ್ದೆ. ಅದರಿಂದ ಒಂದು ವಾಕ್ಯ ಕಟ್ಟಬೇಕು ಅಂತ ಅನಿಸಿಯೇ ಇರಲಿಲ್ಲ.

ಮೇಷ್ಟ್ರು ಹೇಳುತ್ತಾ ಹೋದರು. ತಾಳಿದವನು ಬಾಳಿಯಾನು ಅನ್ನುವ ಗಾದೆಯಲ್ಲಿ ಇರುವುದು ಇದೇ. ಓಡಬೇಡ, ಬಿದ್ದೀಯ ಅಂತ ಅಜ್ಜಿ ಕೂಗುವುದೂ ಇದೇ. ಒಂದು ಕಡೆ ಆಸೆ, ಇನ್ನೊಂದು ಕಡೆ ಎಚ್ಚರಿಕೆ. ಕೆರೆ ತುಂಬೀತು ಅಂದರೂ ಇದೇ ರೂಪ, ಬಾವಿ ಬತ್ತೀತು ಅಂದರೂ ಇದೇ ರೂಪ. ‘ಹೇಳುವವರ ಮನಸ್ಸು ಅದರೊಳಗೆ ಇರುತ್ತೆ. ಬಹುದು ಅನ್ನೋದರಲ್ಲಿ ಅದು ಅಷ್ಟು ಇರಲ್ಲ’ ಅಂದರು.

ಆಮೇಲೆ ಅವರು ಹೇಳಿದ ಇನ್ನೊಂದು ವಿಷಯ ನನ್ನಲ್ಲಿ ಹಾಗೇ ಕೂತುಬಿಟ್ಟಿದೆ. ಕಾವೇರಿ ಧುಮುಕುವ ಜಾಗದಿಂದ ಬೆಂಗಳೂರಿನ ಬೀದಿಗೆ ದೀಪ ಬಂದೀತು ಅಂತ 1890ರಲ್ಲಿ ಯಾರಾದರೂ ಅಂದಿದ್ದರೆ ಜನ ಏನು ಅನ್ನುತ್ತಿದ್ದರು? 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು. ಕುಡಿಯುವ ನೀರಾಗಿ ಅದೇ ಕಾವೇರಿ ಇಲ್ಲಿಗೆ ಬಂದದ್ದು 1974ರಲ್ಲಿ, ಸುಮಾರು ನೂರು ಕಿಲೋಮೀಟರ್ ದೂರದಿಂದ, ಪಂಪುಗಳಲ್ಲಿ ಎತ್ತರಕ್ಕೆ ಹತ್ತಿಸಿಕೊಂಡು. ಬಂದೀತು ಅಂತ ಯಾರೋ ಮೊದಲು ಅಂದುಕೊಂಡಿದ್ದಕ್ಕೇ ಬಂತು.

ಆ ರಾತ್ರಿಯೇ ಕೂತು ಬರೆದೆ. ‘ಈ ಕೆರೆ ತುಂಬೀತು. ಅಣ್ಣಮ್ಮನ ಗುಡಿಯ ಗಂಟೆ ನೀರಿನ ಮೇಲೆ ಕೇಳೀತು. ಊರಿಗೆ ಹೊರಟವರು ಹರಿಗೋಲು ಹತ್ತಿಯಾರು.’ ನೀರಿನ ಕಾರ್ಡಿಗೆ ಒಂದೇ ಸಾಲು ಸಾಕಾಯಿತು: ‘ಮಗುವಿಗೆ ಬಾಯಾರೀತು.’ ಪ್ರದರ್ಶನದ ಕನ್ನಡ ಹೆಸರನ್ನೂ ಇಲ್ಲಿಂದಲೇ ತೆಗೆದುಕೊಂಡರು. ಊಹಾತ್ಮಕ ಕಲೆ ಅಂತ ಇದ್ದ ಬ್ಯಾನರ್ ಹೋಗಿ ‘ಕೆರೆ ತುಂಬೀತು’ ಅಂತ ಬಂತು. ಊಹಾತ್ಮಕ ಅನ್ನುವ ಪದ ತಪ್ಪಲ್ಲ. ಆದರೆ ಅದನ್ನು ಓದಿ ಯಾರೂ ಒಳಗೆ ಬರುವುದಿಲ್ಲ ಅಂತ ನನಗೆ ಖಾತ್ರಿ ಇತ್ತು.

ಮಧ್ಯೆ ಒಂದು ಲೇಬಲ್ ಬದಲಾಯಿಸಬೇಕಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೂ ಕಾವೇರಿ ಬಂದೀತು ಅಂತ ಒಂದು ನಕ್ಷೆಯ ಕೆಳಗೆ ಬರೆದಿದ್ದೆ. ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತದ ಉದ್ಘಾಟನೆ ಆಯಿತು. ‘ಬಂದೀತು’ ತೆಗೆದು ‘ಬರತೊಡಗಿದೆ’ ಅಂತ ಹಾಕಿದೆ. ಅಷ್ಟು ಸಂತೋಷದಿಂದ ನಾನು ಯಾವ ತಿದ್ದುಪಡಿಯನ್ನೂ ಮಾಡಿಲ್ಲ.

ಅಚ್ಚಿನದ್ದು ಬೇರೆಯೇ ಕಷ್ಟ. ಮೊದಲ ಪ್ರತಿ ಬಂದಾಗ ಒತ್ತಕ್ಷರಗಳೆಲ್ಲ ಬಿಟ್ಟುಹೋಗಿದ್ದವು. ಅಣ್ಣಮ್ಮ ‘ಅಣ್‌ಣಮ್‌ಮ’ ಆಗಿದ್ದಳು. ಧರ್ಮಾಂಬುಧಿಯ ಅರ್ಕಾವತ್ತು ಎಲ್ಲೋ ಹಾರಿಹೋಗಿತ್ತು. ಡಿಸೈನ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಭಾರತೀಯ ಲಿಪಿಗಳಿಗೆ ಬೇರೆ ಸೆಟ್ಟಿಂಗ್ ಇದೆ. ಅದನ್ನು ಹಾಕದಿದ್ದರೆ ಹೀಗಾಗುತ್ತದೆ. ಡಿಸೈನ್ ಓದುವ ಗೆಳತಿ ಮತ್ತು ನಾನು ಎರಡು ರಾತ್ರಿ ಕೂತು ಅಕ್ಷರ ಅಕ್ಷರ ನೋಡಿದೆವು. ಸಾಲುಗಳ ನಡುವೆ ಜಾಗ ಹೆಚ್ಚಿಸಿದೆವು. ಕನ್ನಡದಲ್ಲಿ ಒತ್ತುಗಳು ಕೆಳಗೆ ಇಳಿಯುತ್ತವೆ, ಇಂಗ್ಲಿಷಿಗೆ ಸಾಕಾಗುವ ಜಾಗ ಸಾಲದು. ಕನ್ನಡ ಮೇಲೆ, ಅದೇ ದಪ್ಪ, ಅದೇ ಕಪ್ಪು. ಇದರಲ್ಲಿ ನಾನು ಹಟ ಹಿಡಿದೆ. ಸಾಮಾನ್ಯವಾಗಿ ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಬರುವ ಹಾಗೆ ತೂಗುಹಾಕುತ್ತಾರೆ. ಮಕ್ಕಳಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಕಾಣಲಿ ಅಂತ ನಾವು ಲೇಬಲ್‌ಗಳನ್ನು ಇನ್ನೂ ಕೆಳಗೆ ಇಳಿಸಿದೆವು.

ನವೆಂಬರ್‌ನಲ್ಲಿ ಪ್ರದರ್ಶನ ಶುರುವಾಯಿತು. ಮೊದಲ ದಿನವೇ ಮೇಷ್ಟ್ರು ಬಂದರು. ಕನ್ನಡಕ ಮೇಲೆ ಮಾಡಿ ಒಂದೊಂದನ್ನೂ ಓದಿದರು. ಕಪ್ಪೆಗಳ ಮುಂದೆ ಜಾಸ್ತಿ ಹೊತ್ತು ನಿಂತರು. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ, ‘ಕಪ್ಪೆಗಳು ಕೂಗೀತು ಅಲ್ಲಮ್ಮ. ಬಹುವಚನ. ಕೂಗಿಯಾವು’ ಅಂದರು. ಎಂಟು ಜನ ಓದಿದ್ದೆವು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಹೊಸ ಲೇಬಲ್ ಅಂಟಿಸಿದೆ.

ಕೊನೆಯ ಕೋಣೆಯಲ್ಲಿ ಒಂದು ಮೇಜು, ಪೆನ್ಸಿಲ್, ಚೀಟಿಗಳು. ಚೀಟಿಯ ಮೇಲೆ ‘ಮುಂದೊಂದು ದಿನ’ ಅಂತ ಅಚ್ಚಾಗಿತ್ತು, ಉಳಿದದ್ದನ್ನು ಬಂದವರು ತುಂಬಬೇಕು. ಜನ ಬರೆಯುತ್ತಾರೋ ಇಲ್ಲವೋ ಅಂತ ನಮಗೆ ಚಿಂತೆ ಇತ್ತು. ಸರ್ಕಾರಿ ಶಾಲೆಯ ಮಕ್ಕಳು ಬಂದ ದಿನ ಪೆನ್ಸಿಲ್‌ಗಳೇ ಸಾಲದೆ ಹೋದವು. ‘ನಮ್ಮ ಶಾಲೆ ಹಿಂದಿನ ಮೋರಿಯಲ್ಲಿ ಮೀನು ಬಂದಾವು.’ ‘ಟ್ಯಾಂಕರ್ ಅಂದರೇನು ಅಂತ ನನ್ನ ತಂಗಿ ಕೇಳಿಯಾಳು.’ ‘ನಲ್ಲಿ ಹತ್ತಿರ ಜಗಳ ನಿಂತೀತು.’ ಗೋಡೆಯ ಮೇಲಿನ ಲೇಬಲ್ ನೋಡಿಕೊಂಡು ಆ ರೂಪವನ್ನು ಹಿಡಿದುಬಿಟ್ಟಿದ್ದರು. ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿ ಓದಿ ಹೇಳಿದೆ. ‘ಇನ್ನೊಂದು ಸಲ ಓದು’ ಅಂದರು. ಓದಿದೆ.

ಕೊನೆಯ ಭಾನುವಾರ ಅಮ್ಮ ಬಂದರು. ಮ್ಯೂಸಿಯಂ ಒಳಗೆ ಬಂದದ್ದು ಅದೇ ಮೊದಲು. ಎಲ್ಲವನ್ನೂ ನಿಧಾನಕ್ಕೆ ನೋಡಿದರು. ನೀರಿನ ಕಾರ್ಡಿನ ಪುಟಗಳನ್ನು ಕೊನೆಯವರೆಗೂ ತಿರುಗಿಸಿದರು, ಏನೂ ಹೇಳಲಿಲ್ಲ. ಮೇಜಿನ ಹತ್ತಿರ ಕೂತು ಒಂದು ಚೀಟಿ ಬರೆದು, ಮಡಿಚಿ ಡಬ್ಬದೊಳಗೆ ಹಾಕಿದರು. ನನಗೆ ತೋರಿಸಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಚೀಟಿಗಳಿಗೆಲ್ಲ ನಂಬರ್ ಹಾಕುವ ಕೆಲಸ ನನ್ನದೇ ಆಗಿತ್ತು. ಅಮ್ಮನ ಅಕ್ಷರ ಗೊತ್ತಾಗಿಬಿಟ್ಟಿತು. ‘ಮುಂದೊಂದು ದಿನ ರಾತ್ರಿ ಪೂರ್ತಿ ನಿದ್ದೆ ಮಾಡಿಯೇನು’ ಅಂತ ಇತ್ತು. ಅದಕ್ಕೂ ಪೆನ್ಸಿಲ್‌ನಲ್ಲಿ ನಂಬರ್ ಬರೆದು, ಉಳಿದವುಗಳ ಜೊತೆ ಕವರಿಗೆ ಸೇರಿಸಿದೆ.