ನಡುವೆ ಮಡಚಿದ ಪುಟ

ಮೊದಲ ಪಾಠದ ದಿನ ಎದ್ದು ನಿಂತು ನಾನು "ನದೀಮುಖ, ಜಭೂಮಿ" ಎಂದು ಓದಿದೆ. 1988ರ ಜೂನ್, ಎಂಟನೆಯ ತರಗತಿ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಹಿಂದಿನ ಬೆಂಚಿನವರಿಗೆ ಏನೂ ಕೇಳಿಸಿರಲಿಕ್ಕಿಲ್ಲ. ಭೂಗೋಳ ಕಲಿಸುವ ಅಕ್ಕೋರಿಗೆ, ಅಂದರೆ ನಮ್ಮ ಶಿಕ್ಷಕಿಗೆ, ಮಾತ್ರ ಕೇಳಿಸಿತು. "ಜಭೂಮಿ ಎಂದರೆ ಯಾವ ಭೂಮಿ, ತಂಗಿ?" ಎಂದರು. ಮನೆಯಲ್ಲಿ ಕೊಂಕಣಿ ಆಡುವ ನನಗೆ ಕನ್ನಡ ಪುಸ್ತಕದಲ್ಲಿ ಅಚ್ಚಾದದ್ದೆಲ್ಲ ಲೋಕದಲ್ಲಿ ಎಲ್ಲೋ ಇದ್ದೇ ಇರುತ್ತದೆ ಎಂಬ ನಂಬಿಕೆ. ಬಂಜರು ಭೂಮಿಯ ಹಾಗೆ ಜಭೂಮಿಯೂ ಒಂದಿರಬಹುದು ಎಂದುಕೊಂಡಿದ್ದೆ, ಹಾಗೆಯೇ ಹೇಳಿದೆ. ಅವರು ನಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ನಕ್ಕರು. ನಕ್ಕು ಮುಗಿದ ಮೇಲೆ ಹಲಗೆಯ ಮೇಲೆ ಪಂಕಜ, ಜಲಜ, ವನಜ ಎಂದು ಬರೆದು ಕೊನೆಯ ಅಕ್ಷರಗಳಿಗೆ ಸುತ್ತು ಹಾಕಿದರು. ಕೆಸರಿನಲ್ಲಿ ಹುಟ್ಟಿದ್ದು, ನೀರಿನಲ್ಲಿ ಹುಟ್ಟಿದ್ದು, ಕಾಡಿನಲ್ಲಿ ಹುಟ್ಟಿದ್ದು. ನದಿಯ ಮುಖದಲ್ಲಿ ಹುಟ್ಟಿದ್ದು ನದೀಮುಖಜ ಭೂಮಿ.

ಕೃಷ್ಣಾ ಗೋದಾವರಿಗಳು ದೂರದಿಂದ ಹೊತ್ತು ತಂದ ಮೆಕ್ಕಲನ್ನು ಬಂಗಾಳ ಕೊಲ್ಲಿಯ ಅಂಚಿನಲ್ಲಿ ಹರಡಿ ಅಂಥ ನೆಲ ಕಟ್ಟುತ್ತವೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳಿಗೆ ಅಷ್ಟು ಪುರುಸೊತ್ತಿಲ್ಲ. ಘಟ್ಟದಿಂದ ಧುಮುಕಿದವು, ಸ್ವಲ್ಪ ದೂರ ಹರಿದವು, ಕಡಲು ಬಂತು. ಅವುಗಳ ಬಾಯಲ್ಲಿ ನೆಲ ಬೆಳೆಯುವ ಬದಲು ಕಡಲೇ ಒಳಗೆ ಬರುತ್ತದೆ. ಅದಕ್ಕೆ ಅಳಿವೆ ಎಂದು ಹೆಸರು. ಪರೀಕ್ಷೆಗೆ ಎರಡು ಅಂಕದ ಈ ವ್ಯತ್ಯಾಸ ನನಗೆ ಇವತ್ತಿಗೂ ಮರೆತಿಲ್ಲ. ಅದಕ್ಕೆ ಕಾರಣ ಆ ನಗು.

ಅಕ್ಕೋರು ಶಿರಸಿ ಕಡೆಯವರು, ಅಡಿಕೆ ತೋಟದ ಮನೆಯವರು. ಕಾರವಾರಕ್ಕೆ ವರ್ಗವಾಗಿ ಬಂದು ಆಗ ಕೆಲವೇ ವಾರಗಳಾಗಿದ್ದವು. ಉಬ್ಬರವಿಳಿತದ ಪಾಠ ಬಂದ ದಿನ ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿ, "ನಾನು ಘಟ್ಟದ ಮೇಲಿನವಳು. ಇದನ್ನು ಓದಿ ತಿಳಿದದ್ದೇ ಹೊರತು ನೋಡಿ ತಿಳಿದದ್ದಲ್ಲ. ಮೊನ್ನೆ ದಡದಲ್ಲಿ ಬಿಟ್ಟ ಚಪ್ಪಲಿಯನ್ನೂ ಕಳೆದುಕೊಂಡು ಬಂದೆ. ನಿಮ್ಮ ಮನೆಯಲ್ಲಿ ಇದಕ್ಕೆ ಏನು ಹೇಳುತ್ತಾರೆ?" ಎಂದರು. ಒಬ್ಬ ಶಿಕ್ಷಕಿ ತನಗೆ ಗೊತ್ತಿಲ್ಲ ಎಂದದ್ದನ್ನು ನಾವು ಮೊದಲ ಸಲ ಕೇಳಿದ್ದು. ಒಂದು ಕ್ಷಣ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಕೂಗಿದರು: ಭರತಿ, ಸುಕತಿ.

ಅವತ್ತೇ ನೋಟುಬುಕ್ಕಿನ ಪುಟವನ್ನು ಉದ್ದಕ್ಕೆ ನಡುವೆ ಮಡಚಲು ಹೇಳಿದರು. ಎಡಗಡೆ ಪುಸ್ತಕದ ಮಾತು, ಬಲಗಡೆ ಮನೆಯ ಮಾತು. ಕನ್ನಡವೋ ಕೊಂಕಣಿಯೋ, ಯಾವುದಾದರೂ ಸರಿ. ಮೂರು ವರ್ಷ, ಮೂರು ನೋಟುಬುಕ್ಕು. ಎರಡನ್ನು ಗೆದ್ದಲು ತಿಂದಿದೆ. ಒಂಬತ್ತನೆಯ ತರಗತಿಯದು ಮಾತ್ರ ಅಟ್ಟದ ಮೇಲೆ ಉಳಿದಿತ್ತು.

ಉಬ್ಬರ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ ಎಂದು ಪುಸ್ತಕದಲ್ಲಿತ್ತು. ಅಜ್ಜನನ್ನು ಕೇಳಿದರೆ ಅವರು ತಿಥಿ ಎಣಿಸಿ, ದಿನಕ್ಕೆ ಎರಡು ಗಳಿಗೆ ಎಂದರು. ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷ, ಎರಡಕ್ಕೆ ನಲವತ್ತೆಂಟು. ಮರುದಿನ ಇದನ್ನು ಹೇಳಿದಾಗ ಅಕ್ಕೋರು ಸೀಮೆಸುಣ್ಣ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತರು. ಆಮೇಲೆ "ಉಳಿದ ಎರಡು ನಿಮಿಷಕ್ಕೆ ನಿಮ್ಮ ಅಜ್ಜನ ಹತ್ತಿರ ಜಗಳ ಮಾಡುವುದು ಬೇಡ" ಎಂದರು. ಚಂದ್ರ ಭೂಮಿಯ ಸುತ್ತ ಮುಂದೆ ಸರಿಯುವುದರಿಂದ ಹೀಗಾಗುತ್ತದೆ ಎಂಬ ಕಾರಣ ಅಜ್ಜನಿಗೆ ಬೇಕಿರಲಿಲ್ಲ, ಅವರಿಗೆ ದೋಣಿ ಇಳಿಸುವ ಹೊತ್ತು ಬೇಕಿತ್ತು. ನನಗೆ ಎರಡೂ ಬೇಕಾದವು.

ಎಲ್ಲ ಪದಗಳೂ ಹೀಗೆ ಸಲೀಸಾಗಿ ಜೋಡಿಯಾಗುತ್ತಿರಲಿಲ್ಲ. ದ್ವೀಪದ ಪಾಠದಲ್ಲಿ ಕೂರ್ಮಗಡ, ದೇವಗಡ, ಮುರ್ಡೇಶ್ವರದ ಎದುರಿನ ನೇತ್ರಾಣಿ ಎಲ್ಲ ಬಂದವು. ಹೊನ್ನಾವರದಿಂದ ಬಂದು ಸೋದರಮಾವನ ಮನೆಯಲ್ಲಿದ್ದ ಹುಡುಗನೊಬ್ಬ, ತನ್ನ ಅಜ್ಜಿಯ ಮನೆ ಇರುವುದು ದ್ವೀಪದಲ್ಲಲ್ಲ, ಕುರ್ವೆಯಲ್ಲಿ ಎಂದು ಹಟ ಹಿಡಿದ. ಶರಾವತಿಯ ಮಾವಿನಕುರ್ವೆ, ಅಘನಾಶಿನಿಯ ಐಗಳಕುರ್ವೆ. ಸುತ್ತ ನೀರೇ ಇದ್ದರೂ ಅದು ಹೊಳೆಯ ನೀರು, ಹೊಳೆಯ ನಡುವಿನ ನೆಲ. ಪುಸ್ತಕದ ವ್ಯಾಖ್ಯೆಗೆ ಕುರ್ವೆಯೂ ದ್ವೀಪವೇ. ಆದರೆ ಕಡಲಿನ ನಡುವೆ ಬಂಡೆಯಾಗಿ ನಿಂತ ನೇತ್ರಾಣಿಗೂ ತೆಂಗು, ಗದ್ದೆ, ಮನೆಗಳಿರುವ ಕುರ್ವೆಗೂ ಒಂದೇ ಹೆಸರು ಸಾಕೇ? ಎಡಗಡೆ ಖಾಲಿ ಬಿಡಿ ಎಂದರು ಅಕ್ಕೋರು.

ಎಡಗಡೆ ಖಾಲಿ ಉಳಿದ ಇನ್ನೊಂದು ಮಾತು ಗಜನಿ. ಅಳಿವೆಯ ಬದಿಯ ತಗ್ಗು ಗದ್ದೆ ಅದು. ಕಟ್ಟೆ ಹಾಕಿ ಉಪ್ಪುನೀರನ್ನು ಹೊರಗಿಡಬೇಕು. ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬಿತ್ತಬೇಕು. ಆ ಭತ್ತ ಅಷ್ಟಿಷ್ಟು ಉಪ್ಪಿಗೂ ನೆರೆಗೂ ಬಗ್ಗುವುದಿಲ್ಲ. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆಗೆದರೆ ಉಬ್ಬರದ ಜೊತೆಗೆ ಸಿಗಡಿ, ಮೀನು ಒಳಗೆ. ಕುಮಟಾದ ಮಾಣಿಕಟ್ಟಾದಲ್ಲಿ ಕಗ್ಗಕ್ಕೆ ಹೆಸರಿದೆ. ಇದು ಬೇಸಾಯವೋ ಮೀನುಗಾರಿಕೆಯೋ? ಪುಸ್ತಕದಲ್ಲಿ ಎರಡೂ ಪ್ರಾಥಮಿಕ ವೃತ್ತಿಗಳು, ಆದರೆ ಬೇರೆ ಬೇರೆ ಪುಟದವು. ಗಜನಿಗೆ ಆ ಪುಟಗಳ ಲೆಕ್ಕ ಗೊತ್ತಿಲ್ಲ.

ಅಕ್ಕೋರ ಕನ್ನಡವೂ ನಮ್ಮನ್ನು ಪೇಚಿಗೆ ಸಿಕ್ಕಿಸುತ್ತಿತ್ತು. ಅವರು ಬೆಟ್ಟ ಎಂದಾಗ ನಾವು ಶಿಖರ ನೆನೆಯುತ್ತಿದ್ದೆವು. ಅವರ ಊರಿನಲ್ಲಿ ಬೆಟ್ಟವೆಂದರೆ ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರುವ ಕಾಡು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ಇತ್ತಂತೆ. ಹುಲ್ಲು ಬೆಳೆಯುವ ಜಾಗ ಬೇಣ. ಒಂದೇ ಜಿಲ್ಲೆಯಲ್ಲಿ, ಒಂದೇ ಭಾಷೆಯಲ್ಲಿ, ಬೆಟ್ಟ ಎಂಬ ಎರಡಕ್ಷರಕ್ಕೆ ಹೀಗೆ ಎರಡು ಅರ್ಥ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ಅರ್ಥವನ್ನೇ ಬರೆಯಿರಿ ಎಂಬ ಎಚ್ಚರಿಕೆಯನ್ನು ಅವರು ಎಂದೂ ಮರೆಯಲಿಲ್ಲ. ಆ ವಿಷಯದಲ್ಲಿ ಅವರು ಬಹಳ ವ್ಯವಹಾರಸ್ಥರು.

ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆಯ ಪ್ರಯೋಗ ಕೆಟ್ಟುಹೋದದ್ದನ್ನು ಹೇಳಲೇಬೇಕು. ಬಕೆಟ್ಟಿನಲ್ಲಿ ಕಲ್ಲು ಇಟ್ಟು, ಸ್ವಲ್ಪ ಸ್ವಲ್ಪವೇ ನೀರು ಹೊಯ್ದು, ಪ್ರತಿ ಸಲ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯುವುದು. ಕೊನೆಗೆ ಮೇಲಿನಿಂದ ನೋಡಿದರೆ ನಕ್ಷೆಯ ಉಂಗುರಗಳು ಕಾಣಬೇಕು. ಕಂಪೌಂಡಿನ ಹತ್ತಿರ ಬಿದ್ದಿದ್ದ ಚಿರೇಕಲ್ಲಿನ ತುಂಡನ್ನು ನಾವೇ ತಂದುಕೊಟ್ಟೆವು. ಅದು ನೀರು ಕುಡಿಯಿತು. ತೇವ ಮಟ್ಟಕ್ಕಿಂತ ಮೇಲೇರಿತು, ಸೀಮೆಸುಣ್ಣ ಹತ್ತಲಿಲ್ಲ, ಉಂಗುರದ ಬದಲು ಕೆಂಪು ರಾಡಿ. ಆ ಪೀರಿಯಡ್ಡು ಚಿರೇಕಲ್ಲಿನ ಪಾಠವಾಗಿ ಹೋಯಿತು: ಜೋರು ಮಳೆ ಮತ್ತು ಬಿಸಿಲು ಸುಣ್ಣ, ಸಿಲಿಕಾಗಳನ್ನು ತೊಳೆದು ಕಬ್ಬಿಣ, ಅಲ್ಯುಮಿನಿಯಂ ಅಂಶವನ್ನು ಉಳಿಸುತ್ತವೆ, ಅಗೆದಾಗ ಮೆತ್ತಗಿರುವುದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಪುಸ್ತಕದಲ್ಲಿ ಅದರ ಮಣ್ಣಿಗೆ ಜಂಬಿಟ್ಟಿಗೆ ಮಣ್ಣು ಎಂದಿತ್ತು. 1801ರಲ್ಲಿ ನಮ್ಮ ಜಿಲ್ಲೆಯನ್ನು ಹಾದುಹೋದ ಬ್ರಿಟಿಷ್ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಇದೇ ಕಲ್ಲಿಗೆ ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟದ್ದನ್ನು ನಾನು ಓದಿದ್ದು ಬಹಳ ವರ್ಷಗಳ ನಂತರ. ಇಟ್ಟಿಗೆ ಅಲ್ಲೂ ಇದೆ, ಇಲ್ಲೂ ಇದೆ. ಮರುದಿನ ಹೊಳೆಯ ಕಪ್ಪು ಕಲ್ಲು ತಂದು ಉಂಗುರಗಳನ್ನೂ ಮಾಡಿದೆವು ಎನ್ನಿ. ಅವು ಒತ್ತೊತ್ತಾಗಿದ್ದರೆ ಇಳಿಜಾರು ಕಡಿದು ಎಂಬುದು ಪೂರ್ತಿ ತಿಳಿದದ್ದು ಪ್ರವಾಸದ ಬಸ್ಸು ಕುಮಟಾ ದಾಟಿ ದೇವಿಮನೆ ಘಟ್ಟದಲ್ಲಿ ಏದುಸಿರು ಬಿಡುತ್ತ ಹತ್ತಿದಾಗ. ಅರ್ಧ ಬಸ್ಸು ವಾಂತಿ ಮಾಡಿತು.

ಅಕ್ಷಾಂಶ ರೇಖಾಂಶಗಳ ಪಾಠ ಡಿಸೆಂಬರಿನಲ್ಲಿ ಅಂಗಳದಲ್ಲಿ ನಡೆಯಿತು. ಬಿದಿರಿನ ಕೋಲು ನೆಟ್ಟು, ನೆರಳಿನ ತುದಿಗೆ ಐದೈದು ನಿಮಿಷಕ್ಕೆ ಹಂಚಿನ ಚೂರು ಇಡುವುದು. ಹನ್ನೆರಡಕ್ಕೆ ನೆರಳು ಅತಿ ಗಿಡ್ಡ ಆಗಬೇಕು ಎಂದು ಎಲ್ಲರ ಎಣಿಕೆ. ಹನ್ನೆರಡು ಹೊಡೆದಾಗಲೂ ಅದು ಕುಗ್ಗುತ್ತಲೇ ಇತ್ತು. ಹನ್ನೆರಡೂವರೆ ದಾಟಿದ ಮೇಲೆ ನಿಂತಿತು. ಗಡಿಯಾರ ಅಲಹಾಬಾದಿನ ಬಳಿ ಹಾದುಹೋಗುವ 82½ ಡಿಗ್ರಿ ರೇಖಾಂಶದ್ದು, ಕಾರವಾರ ಇರುವುದು 74 ಡಿಗ್ರಿಯ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಅರ್ಧ ಗಂಟೆಗೂ ಹೆಚ್ಚು ವ್ಯತ್ಯಾಸ. ಬೆಳಿಗ್ಗೆ ತಡವಾಗಿ ಬಂದವರಿಗೆ ಆಮೇಲೆ ಕೆಲವು ದಿನ ಇದೇ ನೆಪವಾಯಿತು. ಹೆಡ್ ಮಾಸ್ತರರು ಒಪ್ಪಲಿಲ್ಲ.

ಹವಾಮಾನ ಎಂದರೆ ಇವತ್ತಿನದು, ವಾಯುಗುಣ ಎಂದರೆ ಹತ್ತಾರು ವರ್ಷಗಳ ಸರಾಸರಿ. ಇದನ್ನು ಅವರು ಬೈದು ಕಲಿಸಿದರು. ಈಗ ಪತ್ರಿಕೆಗಳು "ಹವಾಮಾನ ಬದಲಾವಣೆ" ಎಂದು ಬರೆಯುವಾಗಲೆಲ್ಲ ನನಗೆ ಕಸಿವಿಸಿ. ಹವಾಮಾನ ದಿನಾ ಬದಲಾಗುತ್ತದೆ, ಅದರಲ್ಲೇನು ಸುದ್ದಿ? ಕಾರವಾರಕ್ಕೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಘಟ್ಟದ ಆಚೆಯ ಹಳಿಯಾಳ ಮುಂಡಗೋಡಗಳಲ್ಲಿ ಅದರ ಅರ್ಧವೂ ಇಲ್ಲ ಎಂಬುದು ವಾಯುಗುಣ. ಪದ ಇದ್ದೂ ಬಳಸದಿರುವುದು ಯಾವ ಜಿಪುಣತನವೋ.

ಹತ್ತನೆಯ ತರಗತಿಯಲ್ಲಿ ಮಾನವ ಭೂಗೋಳ ಬಂತು. 1991ರ ಜನಗಣತಿ ಆ ವರ್ಷವೇ ಆದದ್ದು ನಮ್ಮ ಪುಣ್ಯ. ಅಕ್ಕೋರು ಸಂಜೆ ಕೈಯಲ್ಲಿ ಫಾರ್ಮು ಹಿಡಿದು ಮನೆಮನೆ ತಿರುಗುತ್ತಿದ್ದರು, ಬೆಳಿಗ್ಗೆ ಬಂದು ನಮಗೆ ಹೇಳುತ್ತಿದ್ದರು. ಒಂದೇ ಸೂರಿನಡಿ ಇದ್ದವರೆಲ್ಲ ಒಂದು ಕುಟುಂಬವಲ್ಲ. ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಕುಟುಂಬ. ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಯಲ್ಲಿ ಈ ಪ್ರಶ್ನೆ ಕೇಳುವುದು ಎಷ್ಟು ಕಷ್ಟ ಎಂಬುದನ್ನೂ ಹೇಳಿದರು. ಜನಸಾಂದ್ರತೆಯ ಭಾಗಾಕಾರ ಆಗ ಅವರು ಮಾಡಿಸಿದಂತೆಯೇ ಈಗಲೂ ಮಾಡುತ್ತೇನೆ: 2011ರಲ್ಲಿ ಜಿಲ್ಲೆಯ ಜನಸಂಖ್ಯೆ 14,37,169, ವಿಸ್ತೀರ್ಣ 10,291 ಚದರ ಕಿಲೋಮೀಟರ್, ಅಂದರೆ ಚದರ ಕಿಲೋಮೀಟರಿಗೆ 140 ಜನ. ರಾಜ್ಯದ ಸರಾಸರಿ 319. ಆದರೆ ಕಾಡಿಗೂ ಪೇಟೆಗೂ ಜನರನ್ನು ಸಮನಾಗಿ ಹಂಚಿದ ಈ 140ನ್ನು ಬೈತಕೋಲಿನ ಮೀನುಗಾರರ ಕೇರಿಯಲ್ಲಿ ನಿಂತು ಹೇಳಿದರೆ ಜನ ನಗುತ್ತಾರೆ.

ಹಿನ್ನಾಡು, ಅಂದರೆ ಬಂದರಿಗೆ ಸರಕು ಒದಗಿಸುವ ಒಳನಾಡು, ಎಂಬ ಪದವನ್ನು ಅವರು ನಮ್ಮ ಬಂದರಿನಿಂದಲೇ ವಿವರಿಸಿದರು. 1862ರಲ್ಲಿ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಧಾರವಾಡದ ಹತ್ತಿಯನ್ನು ಕಾರವಾರದಿಂದ ಹಡಗಿಗೆ ಹಾಕುವ ಆಸೆ ಇತ್ತು. ರೈಲು ಮಾತ್ರ 1880ರ ದಶಕದಲ್ಲಿ ಗೋವಾದ ಮುರಗಾಂವಿಗೆ ಹೋಯಿತು. ಬಂದರು ಇಲ್ಲಿ, ಹತ್ತಿ ಅಲ್ಲಿ, ನಡುವೆ ಘಟ್ಟ. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಇಂದಿಗೂ ಓಡಿಲ್ಲ. ಹುಬ್ಬಳ್ಳಿಯಲ್ಲಿ ಕೆಲಸಕ್ಕಿರುವ ನಾನು ಹಬ್ಬಕ್ಕೆ ಅರಬೈಲು ಘಟ್ಟ ಇಳಿದು ಬಸ್ಸಿನಲ್ಲೇ ಬರುತ್ತೇನೆ.

ವಲಸೆಯ ಪಾಠ ಅರ್ಧಕ್ಕೆ ನಿಂತಿತು. ಹೊಸ ಊರಿಗೆ ಸೆಳೆಯುವ ಆಕರ್ಷಕ ಅಂಶ, ಇದ್ದ ಊರಿನಿಂದ ತಳ್ಳುವ ವಿಕರ್ಷಕ ಅಂಶ ಎಂದು ಹಲಗೆಯಲ್ಲಿ ಬರೆದಾಗಿತ್ತು. ಅಣೆಕಟ್ಟೆಯ ನೀರು ಬಂದು ಊರು ಬಿಟ್ಟ ಮನೆಯ ಹುಡುಗನೊಬ್ಬ ನಮ್ಮ ತರಗತಿಯಲ್ಲಿದ್ದ, ಹೆಚ್ಚು ಮಾತನಾಡದವನು. ಅವನು ಎದ್ದು, "ನಾವು ಯಾವ ಅಂಶ, ಅಕ್ಕೋರೆ?" ಎಂದ. ಅವರು ಹಲಗೆಯ ಕಡೆ ತಿರುಗಿ, ಮತ್ತೆ ನಮ್ಮ ಕಡೆ ತಿರುಗಿ, "ನಿಮ್ಮದು ವಲಸೆಯಲ್ಲ, ತಮಾ. ವಲಸೆ ಹೋದವನಿಗೆ ತಿರುಗಿ ನೋಡಲು ಒಂದು ಊರು ಇರುತ್ತದೆ" ಎಂದರು. ಬಲಗಡೆ ಬರೆಯಲು ಅವನೇ ಪದ ಕೊಟ್ಟ: ಮುಳುಗಡೆ.

ನೋಟುಬುಕ್ಕಿನಲ್ಲಿ ಬಲಗಡೆ ಖಾಲಿ ಉಳಿದ ಸಾಲುಗಳೂ ಇವೆ. ಹಿಮನದಿ, ಮರುಭೂಮಿ, ಜ್ವಾಲಾಮುಖಿ. ನಮ್ಮಲ್ಲಿ ಇಲ್ಲದ್ದಕ್ಕೆ ಮನೆಯ ಮಾತು ಎಲ್ಲಿಂದ ಬರಬೇಕು?

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿ ಗಂಗಾವಳಿಗೆ ಬಿತ್ತು. ಸತ್ತವರಿದ್ದರು, ದಿನಗಟ್ಟಲೆ ಸಿಗದವರಿದ್ದರು. ಟಿವಿಯಲ್ಲಿ ಭೂಕುಸಿತ, ಭೂಕುಸಿತ ಎಂದು ಹೇಳುತ್ತಲೇ ಇದ್ದರು. ಆ ವಾರ ಶಿರಸಿಗೆ ಫೋನು ಮಾಡಿದೆ. ಅಕ್ಕೋರಿಗೆ ಈಗ ಕಿವಿ ಸ್ವಲ್ಪ ಮಂದ, ನೆನಪು ಅಲ್ಲ. ನಮ್ಮವರೆಲ್ಲ ಕ್ಷೇಮವೇ ಎಂದು ವಿಚಾರಿಸಿ, ಆಮೇಲೆ ಕೇಳಿದರು: "ಅದಕ್ಕೆ ನಿಮ್ಮ ಮನೆಯಲ್ಲಿ ಏನು ಹೇಳುತ್ತಾರೆ, ತಂಗಿ?"

ಧರೆ ಕುಸಿಯುವುದು ಎಂದು ಹೇಳಹೊರಟೆ, ನಿಲ್ಲಿಸಿದೆ. ಧರೆ ಎಂದರೆ ಮನೆ ಕಟ್ಟಲು ನಾವೇ ಕಡಿದು ನಿಲ್ಲಿಸಿದ ಹಿತ್ತಿಲಿನ ಮಣ್ಣಿನ ಗೋಡೆ. ಜೋರು ಮಳೆಗೆ ಅದು ಜಾರುತ್ತದೆ, ನಾಲ್ಕು ಬುಟ್ಟಿ ಮಣ್ಣು ಹೊತ್ತು ಹಾಕಿದರೆ ಮುಗಿಯಿತು. ಇಡೀ ಗುಡ್ಡವೇ ಎದ್ದು ಹೊಳೆಗೆ ಬರುವುದಕ್ಕೆ ಅಜ್ಜನ ಬಾಯಿಂದ ನಾನು ಯಾವ ಮಾತನ್ನೂ ಕೇಳಿಲ್ಲ.

"ಬಲಗಡೆ ಏನೂ ಇಲ್ಲ ಅಕ್ಕೋರೆ" ಎಂದೆ.

ಆ ಕಡೆ ಮಳೆಯ ಸದ್ದು ಕೇಳಿಸುತ್ತಿತ್ತು. "ಇರಲಿ, ಖಾಲಿ ಬಿಡು" ಎಂದರು.