24 ಗುಂಡಿನ ಸ್ಟೇಜ್, 147 ಗ್ರೇನ್ ತೋಟಾ: ಈ ಚಳಿಗಾಲದ ಕೆಲಸ

ನಾನು ಬರೆದ ಸ್ಟೇಜ್, ಅಂದರೆ ಗೋಡೆ, ಟಾರ್ಗೆಟ್ ಜೋಡಿಸಿ ಕಟ್ಟುವ ಒಂದು ಪಿಸ್ತೂಲ್ ಶೂಟಿಂಗ್ ಸುತ್ತು, ಕೊನೆಗೂ ಕ್ಲಬ್ಬಿನ ತಿಂಗಳ ಮ್ಯಾಚ್‌ಗೆ ಹೋಯಿತು. ಫೀನಿಕ್ಸ್‌ನಲ್ಲಿ ಚಳಿಗಾಲವೇ ನಮಗೆ ಸುಗ್ಗಿ. ಬೇಸಿಗೆಯಲ್ಲಿ 43 ಡಿಗ್ರಿ ದಾಟುವ ಬಿಸಿಲಲ್ಲಿ ಗೋಡೆ, ಡ್ರಮ್ಮು, ಸ್ಟೀಲು ಹೊತ್ತು ಸ್ಟೇಜ್ ಕಟ್ಟಲು ಯಾರೂ ಮುಂದೆ ಬರುವುದಿಲ್ಲ. ನವೆಂಬರ್ ಬಂದರೆ ಸಾಕು, ಬೆಳಿಗ್ಗೆ ಆರಕ್ಕೇ ಜನ ಸುತ್ತಿಗೆ ಹಿಡಿದು ನಿಂತಿರುತ್ತಾರೆ.

ಹೊಸಬರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಇದು ಒಲಿಂಪಿಕ್ಸ್‌ನ ಪಿಸ್ತೂಲ್ ಆಟ ಅಲ್ಲ. ಪ್ರಾಕ್ಟಿಕಲ್ ಶೂಟಿಂಗ್ ಅಂತಾರೆ. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಇದರ ಅಂತರರಾಷ್ಟ್ರೀಯ ಒಕ್ಕೂಟ ಐಪಿಎಸ್‌ಸಿ ಹುಟ್ಟಿತು, ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷ. ಅದರ ಅಮೆರಿಕದ ಕೊಂಬೆಯೇ ನಾವು ಆಡುವ ಯುಎಸ್‌ಪಿಎಸ್‌ಎ. ಇಲ್ಲಿ ಓಡಬೇಕು, ಬಗ್ಗಬೇಕು, ಗೋಡೆ ಸಂದಿಯಿಂದ ಇಣುಕಬೇಕು, ಜೊತೆಗೆ ಗುರಿಯೂ ತಪ್ಪಬಾರದು. ನನ್ನದು ಕ್ಯಾರಿ ಆಪ್ಟಿಕ್ಸ್ ವಿಭಾಗ, ಅಂದರೆ ಪಿಸ್ತೂಲಿನ ಮೇಲೆ ಕೆಂಪು ಚುಕ್ಕಿಯ ಸೈಟ್ ಇಟ್ಟುಕೊಂಡು ಹೊಡೆಯುವವರದ್ದು. ಇದರಲ್ಲಿ ಪೇಪರ್ ಟಾರ್ಗೆಟ್‌ನ ಎ ಭಾಗಕ್ಕೆ 5 ಅಂಕ, ಸಿ ಭಾಗಕ್ಕೆ 3, ಡಿ ಭಾಗಕ್ಕೆ 1. ಬಂದ ಅಂಕವನ್ನು ತೆಗೆದುಕೊಂಡ ಸೆಕೆಂಡಿನಿಂದ ಭಾಗಿಸಿದರೆ ಬರುವುದು ಹಿಟ್ ಫ್ಯಾಕ್ಟರ್. ಎಲ್ಲಾ ಜಗಳವೂ ಆ ಒಂದು ಸಂಖ್ಯೆಗೆ.

ಊರಲ್ಲಿ, ಅಂದರೆ ಕೊಡಗಿನಲ್ಲಿ, ಕೈಲ್‌ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿ ಬೆಳೆದವನು ನಾನು. ಅಲ್ಲಿ ಗಡಿಯಾರ ಇಲ್ಲ. ನಿಂತು, ಉಸಿರು ಹಿಡಿದು, ಸಾವಕಾಶವಾಗಿ ಗುರಿ ಇಡಬಹುದು. ಇಲ್ಲಿನ ವೀಡಿಯೋ ಕಳಿಸಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಮಗಾ, ಅದ್ಯಾಕೆ ಹಂಗೆ ಓಡ್ತೀಯಾ? ನಿಂತು ಹೊಡಿಬಾರ್ದಾ?"

ನಿಂತು ಹೊಡೆಯಬಹುದಾ, ಓಡಲೇಬೇಕಾ? ಸ್ಟೇಜ್ ಕಟ್ಟುವವನಿಗೂ ಇದೇ ಪ್ರಶ್ನೆ. "ಈ ಕಿಟಕಿಯಿಂದ ಇದನ್ನು ಹೊಡಿ, ಆ ಗೆರೆ ಹತ್ತಿರ ಮ್ಯಾಗಜೀನ್ ಬದಲಿಸು" ಎಂದು ಬೆರಳು ತೋರಿಸುವ ಸ್ಟೇಜ್ ನನಗೆ ಇಷ್ಟವಿಲ್ಲ. ಅದು ಕವಾಯತು. ಟಾರ್ಗೆಟ್ ಇಟ್ಟು, ಗೋಡೆ ನಿಲ್ಲಿಸಿ, ಸುಮ್ನೆ ಇದ್ದುಬಿಡಬೇಕು. ಹೇಗೆ ಹೊಡೆಯುವುದು ಅನ್ನುವುದು ಶೂಟರ್‌ನ ತಲೆನೋವು.

ನನ್ನ ಸ್ಟೇಜ್‌ನಲ್ಲಿ ಹತ್ತು ಪೇಪರ್ ಟಾರ್ಗೆಟ್, ತಲಾ ಎರಡು ಗುಂಡು. ಗುಂಡು ತಗುಲಿದರೆ ಮಲಗುವ ಸ್ಟೀಲ್ ಟಾರ್ಗೆಟ್, ಅಂದರೆ ಪಾಪರ್ ಎರಡು, ಸ್ಟೀಲ್ ಪ್ಲೇಟ್ ಎರಡು. ಒಟ್ಟು 24 ಗುಂಡು, 120 ಅಂಕ. ಬಲಗಡೆಯಿಂದ ಶುರು, ಅಲ್ಲಿಂದ ಎಡಕ್ಕೆ ಸಾಗಬೇಕು. ಮೊದಲ ಜಾಗದಿಂದ 8, ಎರಡನೆಯದರಿಂದ 7, ಮೂರನೆಯದರಿಂದ 7. ಒಂದೇ ಜಾಗದಿಂದ 8ಕ್ಕಿಂತ ಜಾಸ್ತಿ ಹೊಡೆಯಲೇಬೇಕು ಎಂದು ಒತ್ತಾಯಿಸುವಂತಿಲ್ಲ, ಅದು ನಿಯಮ. ಎಂಟು ಗುಂಡಿನ ಸಿಂಗಲ್ ಸ್ಟ್ಯಾಕ್ ಪಿಸ್ತೂಲಿನವರೂ ಆಡಬೇಕಲ್ವಾ.

ಉಳಿದ ಎರಡು ಪ್ಲೇಟ್‌ಗಳಲ್ಲೇ ಇರುವುದು ಮಜಾ. ಮೂರನೇ ಜಾಗದಲ್ಲಿ ನಿಂತರೆ ಎರಡು ಗೋಡೆಗಳ ಸಂದಿಯಲ್ಲಿ ಅವು ಕಾಣುತ್ತವೆ, ಆದರೆ ದೂರದಲ್ಲಿ. ಇನ್ನೂ ನಾಲ್ಕು ಹೆಜ್ಜೆ ಓಡಿದರೆ ಮೂಲೆಯಿಂದ 9 ಮೀಟರ್. ನನ್ನ ಮ್ಯಾಗಜೀನ್‌ಗೆ 23 ಹಿಡಿಸುತ್ತದೆ, ಚೇಂಬರ್‌ನಲ್ಲಿ ಇನ್ನೊಂದು. ಅಲ್ಲಿಗೆ 24. ಅಂದರೆ ಒಂದೂ ತಪ್ಪದೆ ಹೊಡೆದರೆ ಮ್ಯಾಗಜೀನ್ ಬದಲಿಸುವ ಗೋಜೇ ಇಲ್ಲ. ಸ್ಟೀಲ್‌ಗೆ ಒಂದು ಗುಂಡು ತಪ್ಪಿತೋ, ಕೊನೆಗೆ ಪಿಸ್ತೂಲು ಖಾಲಿ, ಪ್ಲೇಟ್ ಇನ್ನೂ ನಿಂತಿದೆ. 22 ಇಟ್ಟಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, 28 ಇಟ್ಟಿದ್ದರೆ ಎಲ್ಲರೂ ಬದಲಿಸುತ್ತಿದ್ದರು. ಬೇಕೆಂದೇ 24 ಇಟ್ಟೆ.

ಹೊಡೆಯುವ ಮುಂಚೆ ಸ್ಟೇಜ್‌ನಲ್ಲಿ ನಡೆದು ನೋಡುವ ವಾಕ್‌ಥ್ರೂ ಸಮಯದಲ್ಲಿ ನೋಡಬೇಕಿತ್ತು. ಬೆರಳನ್ನೇ ಪಿಸ್ತೂಲು ಮಾಡಿಕೊಂಡು, ತುಟಿಯಲ್ಲೇ ಎಣಿಸುತ್ತಾ, ಆ ಸಂದಿಯ ಮುಂದೆ ಬಂದು ಎಲ್ಲರೂ ನಿಲ್ಲುತ್ತಿದ್ದರು. ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಒಬ್ಬ ಹಿರಿಯ ಶೂಟರ್ ನನ್ನ ಕಡೆ ತಿರುಗಿ ಕಣ್ಣು ಕಿರಿದು ಮಾಡಿದರು. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬೇಡ.

ಎಲ್ಲಕ್ಕಿಂತ ಮೇಲಿನ ದರ್ಜೆಯ ಗ್ರ್ಯಾಂಡ್ ಮಾಸ್ಟರ್ ಒಬ್ಬರು ಮೂರನೇ ಜಾಗದಿಂದಲೇ ಎರಡೂ ಪ್ಲೇಟ್ ಬೀಳಿಸಿದರು: 112 ಅಂಕ, 11.9 ಸೆಕೆಂಡ್, ಹಿಟ್ ಫ್ಯಾಕ್ಟರ್ 9.41. ಅದನ್ನು ನೋಡಿ ನನ್ನ ಗೆಳೆಯನೂ ಹಾಗೇ ಹೊರಟ. ಪ್ಲೇಟ್ ತಪ್ಪಿತು, ನಿಂತಲ್ಲೇ ಮ್ಯಾಗಜೀನ್ ಬದಲಿಸಿದ, 106 ಅಂಕಕ್ಕೆ 17.6 ಸೆಕೆಂಡ್. ಅಲ್ಲಿಗೆ 6.02. ನಾನು ಮೂಲೆಗೆ ಓಡಿದೆ, ಓಡುತ್ತಲೇ ಮ್ಯಾಗಜೀನ್ ಬದಲಿಸಿದೆ. ಕಾಲು ಹೇಗೂ ಓಡುತ್ತಿರುವಾಗ ಕೈಯ ಕೆಲಸ ಪುಕ್ಕಟೆ. 110 ಅಂಕ, 15.2 ಸೆಕೆಂಡ್, 7.24. ನಮ್ಮಂಥ ಮಧ್ಯಮ ದರ್ಜೆಯವರಿಗೆ ಇದೇ ಸರಿಯಾದ ದಾರಿ ಅಂತ ಈಗಲೂ ನನ್ನ ವಾದ.

ಲೆಕ್ಕ ಹೀಗಿದೆ. 7.2 ಹಿಟ್ ಫ್ಯಾಕ್ಟರ್ ಅಂದರೆ ಒಂದು ಅಂಕದ ಬೆಲೆ ಸುಮಾರು 0.14 ಸೆಕೆಂಡ್. ಎ ಬದಲು ಸಿ ಬಿದ್ದರೆ ಎರಡು ಅಂಕ ಹೋಯಿತು, 0.28 ಸೆಕೆಂಡ್. ಪ್ಲೇಟ್ ನಿಂತೇ ಉಳಿದರೆ ಅದರ 5 ಅಂಕವೂ ಇಲ್ಲ, ಮೇಲೆ 10 ಅಂಕ ದಂಡ: ಎರಡು ಸೆಕೆಂಡಿಗೂ ಮೀರಿದ ನಷ್ಟ. ನಾಲ್ಕು ಹೆಜ್ಜೆಗೆ ಅಷ್ಟು ಹೊತ್ತು ಬೇಡ.

ಕಾಗದದ ಮೇಲೆ ಕಾಣದ ಕೆಲಸವೇ ಜಾಸ್ತಿ. ಪಿಸ್ತೂಲಿನ ಮೂತಿ 180 ಡಿಗ್ರಿ ಗೆರೆ (ಶೂಟರ್‌ನ ಎಡ-ಬಲಕ್ಕೆ ಅಡ್ಡ ಎಳೆದಂತೆ ಅಂದುಕೊಳ್ಳಿ) ದಾಟಿ ಹಿಂದಕ್ಕೆ ತಿರುಗಿದರೆ ಶೂಟರ್ ಮ್ಯಾಚ್‌ನಿಂದಲೇ ಹೊರಗೆ. ಬಲಗೈಯವರು ಎಡಕ್ಕೆ ಓಡುತ್ತಾ ಮ್ಯಾಗಜೀನ್ ಬದಲಿಸುವಾಗ ಈ ಅಪಾಯ ಜಾಸ್ತಿ, ಮೂತಿ ತಾನಾಗಿ ಎಡಕ್ಕೆ ವಾಲುತ್ತದೆ. ಅದಕ್ಕೆ ಕೊನೆಯ ನಾಲ್ಕು ಹೆಜ್ಜೆಯ ದಾರಿಯನ್ನು ಸ್ವಲ್ಪ ಮುಂದಕ್ಕೆ ಓರೆ ಮಾಡಿದೆ. ಮೈ ಮುಂದಕ್ಕೆ ತಿರುಗಿದ್ದರೆ ಮೂತಿಯೂ ಮುಂದೆಯೇ ಇರುತ್ತದೆ. ಸ್ಟೀಲ್‌ಗೆ ಕನಿಷ್ಠ 23 ಅಡಿ ಅಂತರ ಬೇಕು, ಗುಂಡಿನ ಚೂರು ವಾಪಸ್ ಸಿಡಿಯುತ್ತದೆ. 9 ಮೀಟರ್ ಅಂದರೆ ಸುಮಾರು ಮೂವತ್ತು ಅಡಿ, ಚಿಂತೆ ಇಲ್ಲ. ಆಮೇಲೆ ಕುಳ್ಳಗಿರುವವರ ಕಣ್ಣಿಗೆ ಡ್ರಮ್ ಅಡ್ಡ ಬರುತ್ತದಾ, ಉದ್ದ ಇರುವವರ ಗುಂಡು ಹಿಂದಿನ ಮಣ್ಣುದಿಬ್ಬ ದಾಟುತ್ತದಾ, ಒಂದು ಪೇಪರ್ ತೂರಿದ ಗುಂಡು ಹಿಂದಿನ ಪೇಪರ್‌ಗೂ ತಾಗುತ್ತದಾ, ಎಲ್ಲಾ ಜಾಗದಲ್ಲೂ ನಿಂತು, ಮಂಡಿಯೂರಿ ನೋಡಿದ್ದಾಯಿತು.

ಈಗ ಗ್ಯಾರೇಜಿನ ಸುದ್ದಿ: ಹಾರಿಸಿದ ಖಾಲಿ ಕೇಸ್‌ಗಳಿಗೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ), ಮದ್ದು, ಗುಂಡು ಹಾಕಿ ನನ್ನ ತೋಟಾ ನಾನೇ ಕಟ್ಟುತ್ತೇನೆ. ಇಷ್ಟು ದಿನ 9 ಎಂಎಂಗೆ 124 ಗ್ರೇನ್ ತೂಕದ ಗುಂಡು ಬಳಸುತ್ತಿದ್ದೆ. ಈ ಚಳಿಗಾಲ ಕೋಟಿಂಗ್ ಇರುವ 147ಕ್ಕೆ ಬದಲಾದೆ. ಕಾರಣ ಪವರ್ ಫ್ಯಾಕ್ಟರ್: ಗುಂಡಿನ ತೂಕವನ್ನು ಗ್ರೇನ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಯಲ್ಲಿ ತೆಗೆದುಕೊಂಡು ಗುಣಿಸಿ 1000ದಿಂದ ಭಾಗಿಸಬೇಕು. ನಮ್ಮ ವಿಭಾಗಕ್ಕೆ ಕನಿಷ್ಠ 125 ಬೇಕು. ತೂಕ ಜಾಸ್ತಿಯಾದರೆ ಕಡಿಮೆ ವೇಗದಲ್ಲೇ ಅಷ್ಟು ಬರುತ್ತದೆ. ಕೈಗೆ ಏಟು ಮೆತ್ತಗೆ ಬೀಳುತ್ತದೆ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ಮಧ್ಯಾಹ್ನದ ಸರಾಸರಿ 885 ಅಡಿ, ಅಂದರೆ 130. ನಸುಕಿನ ಚಳಿಯಲ್ಲಿ 872ಕ್ಕೆ ಇಳಿಯಿತು, 128. ದೊಡ್ಡ ಮ್ಯಾಚ್‌ಗಳಲ್ಲಿ ನಮ್ಮ ತೋಟಾ ತೆಗೆದುಕೊಂಡು ಅವರೇ ಅಳೆಯುತ್ತಾರೆ. 125ಕ್ಕಿಂತ ಕೆಳಗೆ ಬಂದರೆ ಆಡಬಹುದು, ಅಂಕ ಮಾತ್ರ ಸೊನ್ನೆ. ಹಾಗಾಗಿ 125ಕ್ಕೂ 128ಕ್ಕೂ ನಡುವಿನ ಈ ಅಂತರ ನನಗೆ ಬೇಕೇ ಬೇಕು. ಇನ್ನೂ ಮೆತ್ತಗೆ ಮಾಡು ಎನ್ನುವವರ ಮಾತಿಗೆ ಕಿವಿಗೊಡುವುದಿಲ್ಲ.

ಮದ್ದು ಎಷ್ಟು ಹಾಕುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ, ಕೇಳಲೂಬೇಡಿ. ಮದ್ದಿನ ಕಂಪನಿಯ ಪುಸ್ತಕ ನೋಡಿ, ಕನಿಷ್ಠದಿಂದ ಶುರು ಮಾಡಿ. ನನ್ನ ಬೆಂಚಿನ ಪದ್ಧತಿ ಹೇಳಬಲ್ಲೆ. ಬೆಂಚಿನ ಮೇಲೆ ಮದ್ದಿನ ಡಬ್ಬಿ ಒಂದೇ. ಫೋನ್ ಮನೆಯೊಳಗೆ. ತೋಟಾ ಕಟ್ಟುವ ಯಂತ್ರದ, ಅಂದರೆ ಪ್ರೆಸ್‌ನ ಹಿಡಿ ಒಮ್ಮೆ ಎಳೆದರೆ ಒಂದು ಕಡೆ ಹಳೇ ಪ್ರೈಮರ್ ಉದುರುತ್ತದೆ, ಇನ್ನೊಂದು ಕಡೆ ಮದ್ದು ಬೀಳುತ್ತದೆ, ಮತ್ತೊಂದು ಕಡೆ ಗುಂಡು ಕೂರುತ್ತದೆ. ಹಿಡಿಯನ್ನು ಹಿಂದಕ್ಕೆ ತಳ್ಳುವಾಗ ಹೊಸ ಪ್ರೈಮರ್ ಕೂರುವುದು ಅಂಗೈಗೆ ಗೊತ್ತಾಗುತ್ತದೆ. ಮಿಲಿಟರಿ ಕೇಸ್ ಬೆರೆತಿದ್ದರೆ ಅಲ್ಲೇ ತಡೆಯುತ್ತದೆ, ಅದರಲ್ಲಿ ಪ್ರೈಮರ್ ಕೂರುವ ಗುಳಿಯ ಅಂಚು ಒಳಕ್ಕೆ ಒತ್ತಿರುತ್ತದೆ. ಒತ್ತಿ ತುರುಕಬಾರದು, ಆ ಕೇಸ್ ಪಕ್ಕಕ್ಕೆ. ಗುಂಡು ಇಡುವ ಮುಂಚೆ ಪುಟ್ಟ ಎಲ್‌ಇಡಿ ಬೆಳಕಲ್ಲಿ ಪ್ರತಿ ಕೇಸಿನ ಒಳಗೆ ಇಣುಕುತ್ತೇನೆ. ಮದ್ದು ಎರಡು ಸಲ ಬಿದ್ದರೆ ಪಿಸ್ತೂಲೇ ಸಿಡಿಯಬಹುದು. ಬೀಳದೇ ಹೋದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡು, ಹಿಂದೆ ಬರುವ ಗುಂಡು ಅದಕ್ಕೆ ಗುದ್ದುತ್ತದೆ. ಕೊನೆಗೆ ಬಿಚ್ಚಿಟ್ಟ ಬ್ಯಾರೆಲ್‌ಗೆ ತೋಟಾ ಬಿಡುತ್ತೇನೆ. "ಟಣಕ್" ಅಂತ ತಾನಾಗಿ ಕೂತು, ಬೆರಳಿಗೆ ಸಲೀಸಾಗಿ ತಿರುಗಿದರೆ ಪಾಸು. ಎಲ್ಲಾ ಮುಗಿದ ಮೇಲೆ ತಣ್ಣೀರಲ್ಲಿ ಕೈ ತೊಳೆಯುವುದು, ಸೀಸದ ಸಹವಾಸ.

147 ಹಿಡಿದು ಸ್ಟೇಜ್ ಆಡುವಾಗ ಒಂದು ಸಂಗತಿ ಗಮನಕ್ಕೆ ಬಂತು. ಎರಡನೇ ಜಾಗದ ಪಾಪರ್ ಬಿದ್ದರೆ ತಂತಿ ಎಳೆದು ತೂಗಾಡುವ ಟಾರ್ಗೆಟ್ ಹೊರಬರುತ್ತದೆ. ಪಾಪರ್‌ನ ಮೇಲ್ಭಾಗಕ್ಕೆ ಬಿದ್ದರೆ ಅದು ಥಟ್ಟನೆ ಮಲಗುತ್ತದೆ, ಕೆಳಗೆ ಬಿದ್ದರೆ ಯೋಚನೆ ಮಾಡಿ ಮಲಗುತ್ತದೆ. ಪಾಪರ್‌ಗೆ ಹೊಡೆದಾದ ಮೇಲೆ ಟಾರ್ಗೆಟ್ ಹೊರಬರುವಷ್ಟರಲ್ಲಿ ಪಕ್ಕದ ಎರಡು ಪೇಪರ್ ಮುಗಿಸಿ ವಾಪಸ್ ಬರಬೇಕು. ಹಾಗಾಗಿ ಈಗ ಪಾಪರ್‌ನ ತಲೆಗೇ ಗುರಿ.

ಮುಂದಿನದು 12 ಗುಂಡಿನ ಶಾರ್ಟ್ ಕೋರ್ಸ್. ಪಿಸ್ತೂಲು ಖಾಲಿ, ಮೇಜಿನ ಮೇಲೆ. ಮ್ಯಾಗಜೀನ್‌ಗಳು ಹಿಂದಿನ ಡ್ರಮ್ ಮೇಲೆ. ನಕ್ಷೆ ನೋಡಿದ ಮ್ಯಾಚ್ ಡೈರೆಕ್ಟರ್ ನೋ-ಶೂಟ್ (ಹೊಡೆಯಬಾರದ) ಟಾರ್ಗೆಟ್ ಒಂದು ಕಡಿಮೆ ಮಾಡು ಅಂದಿದ್ದಾರೆ. ನಾನಿನ್ನೂ ಒಪ್ಪಿಲ್ಲ.